ಪಟ್ಟಿಗೆ ಒಂದು ತಿರುವು

ಓಮರಾಮದ ಶೆಡ್ಡಿನ ಮುಂದೆ ಬೆಳಗಿನ ಐದೂವರೆ.
ಇಬ್ಬನಿ ಹೆಪ್ಪುಗಟ್ಟಿ ಟ್ರೇಲರಿನ ಹಲಗೆ ಬೆಳ್ಳಗಾಗಿದೆ.
ಮೊದಲು ಅದನ್ನು ಸಲಿಕೆಯಿಂದ ಕೆರೆದೆ.
ಜಾರುವ ನೆಲದ ಮೇಲೆ ಏನನ್ನೂ ಹತ್ತಿಸಬಾರದು.

ಕಾಹುಗೆ ಹದಿನೇಳು, ಆತುರ.
"ನಾಲ್ಕು ಮೂಲೆಗೆ ನಾಲ್ಕು ಪಟ್ಟಿ, ಅಷ್ಟೇ ತಾನೆ?"
ಅಷ್ಟೇ, ಎಂದೆ. ಆ ಅಷ್ಟೇಯೊಳಗೆ
ಅರ್ಧ ಗಂಟೆ ಇದೆ.

ಮೊದಲು ಕೊಂಡಿ. ಪಿಕಪ್ಪಿನ ಗುಂಡಿನ ಮೇಲೆ
ಕೂತಿತೋ ಇಲ್ಲವೋ, ಜ್ಯಾಕು ತಿರುಗಿಸಿ ಎತ್ತಿ ನೋಡು:
ಪಿಕಪ್ಪಿನ ಬೆನ್ನೂ ಜೊತೆಗೆ ಎದ್ದರೆ ಕೂತಿದೆ.
ಸರಪಳಿ ಎರಡೂ ಅಡಿಯಲ್ಲಿ ಒಂದನ್ನೊಂದು ಹಾಯಲಿ,
ಕೊಂಡಿ ಕಳಚಿದರೆ ತೊಟ್ಟಿಲಾಗಿ ಹಿಡಿಯಲಿ.

ಏಣಿಹಲಗೆ ಚಕ್ರದ ಅಳತೆಗೆ. ಕಡಿಮೆ ಗೇರು.
ನಡುವೆ ನಿಲ್ಲಬೇಡ, ನುಗ್ಗಲೂ ಬೇಡ,
ಗಬ್ಬದ ಕುರಿ ಗೇಟು ದಾಟುವ ಹಾಗೆ.
ಮುಂದಕ್ಕೆ, ಇನ್ನೊಂದು ಗೇಣು. ಸಾಕು.
ಭಾರ ಅಚ್ಚಿನ ಮುಂದೆ ತುಸು ಹೆಚ್ಚಿರಬೇಕು;
ಹಿಂದೆ ಹೆಚ್ಚಾದರೆ ಇಳಿಜಾರಿನಲ್ಲಿ ಟ್ರೇಲರು
ಬಾಲ ಬೀಸತೊಡಗುತ್ತದೆ,
ಆಮೇಲೆ ಸ್ಟಿಯರಿಂಗು ಯಾರ ಮಾತೂ ಕೇಳದು.

ಗೇರಿನಲ್ಲಿ ಬಿಟ್ಟೆವು. ಕೈಬ್ರೇಕು ಎಳೆದೆವು.
ಸೀಟಿನಡಿ ಫರ್ಗಸ್‌ನ ಒಂದು ಕೈಗವಸು, ಎಡಗೈಯದು.
ಕಾಹು ಎತ್ತಿ ತೋರಿಸಿದ. ಅಲ್ಲೇ ಇಡು ಎಂದೆ,
ಇನ್ನು ಗಾಡಿಯೂ ಅವನದೇ.
ವಕೀಲರ ಪಟ್ಟಿಯಲ್ಲಿ ಹನ್ನೊಂದನೆಯ ಸಾಲು:
ಹಳೆಯ ಹಸಿರು ಗುಡ್ಡಗಾಡಿ, ಅವನಿಗೆ.
ಹನ್ನೆರಡನೆಯದು:
ನಾಯಿ, ಹೆಸರು ಟಸ್ಸಕ್, ನನಗೆ.

"ಸಡಿಲ ಕಟ್ಟಿದರಾಯಿತಲ್ಲ," ಹುಡುಗ ನಕ್ಕ.
ಹಿಂದೆ ಬರುವ ಶಾಲೆಯ ಬಸ್ಸಿಗೆ
ನನ್ನ ಸಿಟ್ಟಿನ ಕಾರಣ ಗೊತ್ತಿಲ್ಲವಲ್ಲೋ, ಎಂದೆ.

ಕೊಕ್ಕೆ ಬಂಪರಿಗಲ್ಲ, ಮೇಲಿನ ಪಂಜರದ ಕಂಬಿಗಲ್ಲ,
ಗಾಡಿಯ ಎಲುಬು ಎಲ್ಲಿದೆಯೋ ಅಲ್ಲಿಗೆ.
ಹಿಂದಿನ ಪಟ್ಟಿಗಳೆರಡು ಕತ್ತರಿಯಾಗಿ.
ಹರಿತ ಅಂಚು ತಾಗುವಲ್ಲಿ
ಹಳೆಯ ರಬ್ಬರ್ ಕೊಳವೆ ಸೀಳಿ ಹೊದಿಸಿದೆ.
ಒಂದು ಪಟ್ಟಿ ಅಂಚಿನಲ್ಲಿ ನೂಲು ಬಿಟ್ಟಿತ್ತು, ಕೂದಲೆಳೆಯಷ್ಟು.
"ಇದೊಂದು ಸಲ ತಡೆಯುತ್ತೆ ಬಿಡು."
ಚಾಕು ತೆಗೆದು ಎರಡು ತುಂಡು ಮಾಡಿ
ಕಸದ ಡ್ರಮ್ಮಿಗೆ ಎಸೆದೆ,
ಇನ್ಯಾರೂ ಅದನ್ನು ನಂಬದ ಹಾಗೆ.

ಟಕ್, ಟಕ್, ಹಲ್ಲು ಕಚ್ಚಿ ಏರುತ್ತದೆ ರ‍್ಯಾಚೆಟ್ಟು.
ಸ್ಪ್ರಿಂಗು ಅರ್ಧ ಕುಗ್ಗುವವರೆಗೆ, ಪೂರಾ ಅಲ್ಲ;
ಪೂರಾ ಹಿಸುಕಿದರೆ ಮೊದಲ ಗುಂಡಿಯಲ್ಲೇ ಏನೋ ಮುರಿಯುತ್ತದೆ.
ಫರ್ಗಸ್‌ಗೆ ಇದನ್ನು ಹೇಳಿಕೊಟ್ಟವಳು ನಾನೇ.
ಗಾಡಿಯ ಮಟ್ಟಿಗೆ ಚೆನ್ನಾಗಿ ಕಲಿತ.

ಕೊನೆಗೆ ಪ್ರತಿ ಪಟ್ಟಿಗೂ ಒಂದು ತಿರುವು.
ಚಪ್ಪಟೆ ಬಿಟ್ಟರೆ ಗಾಳಿಗೆ ಗುಂಯ್‌ಗುಡುತ್ತದೆ,
ದಾರಿಯುದ್ದಕ್ಕೂ ನಡುಗಿ ನಡುಗಿ ತನ್ನನ್ನೇ ತೇಯುತ್ತದೆ.
ಒಂದೇ ತಿರುವು, ಸುಮ್ಮನಾಗುತ್ತದೆ.

ಹದಿನೈದು ಕಿಲೋಮೀಟರು. ಲಿಂಡಿಸ್ ಏರುವ ಮುನ್ನ
ರಸ್ತೆಬದಿಯ ಜಲ್ಲಿಯ ಮೇಲೆ ನಿಲ್ಲಿಸಿದೆ.
"ಏನಾಯಿತು?" ಏನೂ ಇಲ್ಲ, ಇಳಿ.
ಮುಂದಿನ ಎಡ ಪಟ್ಟಿ ಎರಡು ಬೆರಳು ಸಡಿಲ.
ಕಾಹು ತಾನೇ ಬಿಗಿದ, ಮೂರು ಹಲ್ಲು. ಮಾತಾಡಲಿಲ್ಲ.
ನಾನು ಚಕ್ರದ ಗುಂಬಗಳನ್ನು ಅಂಗೈ ಹಿಂಬದಿಯಿಂದ ಮುಟ್ಟಿದೆ,
ಮಗುವಿನ ಜ್ವರ ನೋಡುವ ಹಾಗೆ:
ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ಕ್ರಾಮ್ವೆಲ್. ಫರ್ಗಸ್ ಗೇಟಿನಲ್ಲೇ ನಿಂತಿದ್ದ.
ಗಾಡಿ ನೋಡುವ ಮೊದಲು ಪಟ್ಟಿ ನೋಡಿದ,
ಬೆರಳಿನಿಂದ ಒಂದನ್ನು ಮೀಟಿದ, ಅದು ಸ್ವರ ಕೊಟ್ಟಿತು.
"ತಿರುವು ಹಾಕಿದ್ದೀಯ."
ಹೂಂ.
ಬಿಚ್ಚಲು ನಾಲ್ಕೇ ನಿಮಿಷ.

ವಕೀಲರ ಪಟ್ಟಿಯಲ್ಲಿ ಈ ಪಟ್ಟಿಗಳಿರಲಿಲ್ಲ;
ಸುರುಳಿ ಸುತ್ತಿ ವಾಪಸು ತಂದೆ.
ಕಾಹು ನಿದ್ದೆಹೋದ. ಟಸ್ಸಕ್ ಹಿಂದಿನ ಗಾಜಿಗೆ ಮೂತಿಯೊತ್ತಿ
ಕಣಿವೆ ಮುಗಿಯುವವರೆಗೂ ಕೂತಿತ್ತು,
ಖಾಲಿ ಟ್ರೇಲರು ಮನೆಯವರೆಗೂ
ಪ್ರತಿ ಉಬ್ಬಿಗೂ ಎಗರಿ ಗಲಗಲ ಎನ್ನುತ್ತಿತ್ತು.