ಬಲಕ್ಕೆ ಮಾತ್ರ

ಫಾರಂನಲ್ಲಿ ಒಂದು ಕಲಂ ಇದೆ: ಪ್ರಾಣಿಯ ಉಪಯೋಗ.
ಹಾಲು, ಮಾಂಸ, ಉಳುಮೆ, ಹೊರೆ, ಇತರೆ.
ಇಪ್ಪತ್ತಾರು ವರ್ಷ ತುಂಬಿದ್ದೇನೆ ಅದನ್ನು.
ಕಗ್ಗೋಡ್ಲಿನ ಹಂದಿಗೂಡಿಗೆ ಮಾಂಸ,
ನಾಪೋಕ್ಲಿನ ಜೋಡೆತ್ತಿಗೆ ಉಳುಮೆ,
ಕೈ ತಡೆದದ್ದಿಲ್ಲ.

ಆವತ್ತು ಮಡಿಕೇರಿಯ ಮಂಜು
ದನದಾಸ್ಪತ್ರೆಯ ಮೆಟ್ಟಿಲವರೆಗೂ ಬಂದು ಕೂತಿತ್ತು.
ಅದರೊಳಗಿಂದ ಮೊದಲು ಬಂದದ್ದು ಕೆಮ್ಮು,
ಆಮೇಲೆ ಉಬೈದ್, ಅವನ ಹಿಂದೆ ಕುದುರೆ.
ರಾಜಾಸೀಟಿನ ಬಳಿ ಸವಾರಿ ಕೊಡುವ ಕುದುರೆ,
ಕೊರಳಲ್ಲಿ ಪ್ಲಾಸ್ಟಿಕ್ಕಿನ ಚೆಂಡುಹೂವು,
ಹಿಂಗಾಲು ನೆಲಕ್ಕೆ ಊರಿಯೂ ಊರದ ಹಾಗೆ.

"ಅಕ್ಕಾ, ನಿನ್ನೆ ಒಂದು ಮಗು ಬಿತ್ತು.
ದೊಡ್ಡದೇನಲ್ಲ, ಮೊಣಕೈ ತರಚಿತು.
ಇವನಿಗೆ ಒಂದು ಸೂಜಿ ಹಾಕಿಬಿಡಿ,
ತಣ್ಣಗೆ ಮಾಡುವಂಥದ್ದು."

ಮೈ ಸವರಿದೆ. ತೊಗಲಿನ ಕೆಳಗೆ ಪಕ್ಕೆಲುಬು ಎಣಿಸಬಹುದಿತ್ತು.
ಹೆಗಲಿನ ಮೇಲೆ ಸುಟ್ಟು ಬರೆದ ಮೂರು ಅಂಕಿ,
ಅಲ್ಲಿ ಕೂದಲು ಮತ್ತೆ ಹುಟ್ಟಿಲ್ಲ.
ಮೈಸೂರಿನ ರೇಸ್‌ಕೋರ್ಸಿನಲ್ಲಿ ಇವನಿಗೊಂದು ಇಂಗ್ಲಿಷ್ ಹೆಸರಿತ್ತಂತೆ.
ಕಾಗದದಲ್ಲಿದೆ. ಉಬೈದನಿಗೆ ಅದು ನಾಲಿಗೆಗೆ ಹತ್ತುವುದಿಲ್ಲ.
ಮೋನೇ ಅನ್ನುತ್ತಾನೆ, ಮಗನೇ.
ಹೆಂಡತಿ ಕಾಫಿ ಕೊಯ್ದ ದುಡ್ಡೂ ಸೇರಿಸಿ
ಕೊಂಡು ತಂದ ಮಗ.

"ಬಿದ್ದದ್ದು ಹೇಗೆ?"
"ಹೋಟೆಲಿನ ಗೇಟು, ಅಕ್ಕಾ. ಕಬ್ಬಿಣದ್ದು.
ಯಾರೋ ಎಳೆದರು, ಠಣ್ ಅಂತು.
ಇವನು ಹಾರಿದ."

ತರಬೇತಿಯ ವರ್ಷ ಒಮ್ಮೆ ಹತ್ತಿರದಿಂದ ನೋಡಿದ್ದೆ:
ಸಾಲಾಗಿ ಕಬ್ಬಿಣದ ಡಬ್ಬಗಳು,
ಒಂದೊಂದರೊಳಗೂ ಒಂದೊಂದು ಉಸಿರು,
ಮತ್ತೆ ಎಲ್ಲ ಬಾಗಿಲೂ ಒಟ್ಟಿಗೆ, ಠಣ್.
ಆ ಸದ್ದಿಗೆ ಓಡು ಎಂದರ್ಥ.
ಬೇರೆ ಅರ್ಥವನ್ನು ಇವನಿಗೆ ಯಾರೂ ಕಲಿಸಿರಲಿಲ್ಲ.
ಹೇಳಿದ್ದು ಕೇಳಿದ್ದಕ್ಕೆ
ಪೇಟೆಯವರು ಕೊಬ್ಬು ಅಂದರು.

"ಇನ್ನೂ ಒಂದಿದೆ ಅಕ್ಕಾ. ಬಲಕ್ಕೆ ಮಾತ್ರ ತಿರುಗುತ್ತಾನೆ.
ಎಡಕ್ಕೆ ಎಳೆದರೆ ಕಂಬದ ಹಾಗೆ ನಿಂತುಬಿಡುತ್ತಾನೆ."
ಅದಕ್ಕೇ ದಾರಿಯನ್ನೇ ತಿರುಗಿಸಿಟ್ಟಿದ್ದಾನೆ:
ಜೋಳದ ಗಾಡಿ, ಟೆಲಿಫೋನ್ ಕಂಬ, ಹೋಟೆಲಿನ ಗೇಟು, ಮತ್ತೆ ಜೋಳದ ಗಾಡಿ.
ನೂರು ರೂಪಾಯಿಗೆ ಒಂದು ಸುತ್ತು.
ಭಾನುವಾರ ಅರವತ್ತಾದರೂ ಆಗುತ್ತದೆ.

ಗೊರಸು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.
ವೆಲ್ಡಿಂಗ್ ಅಂಗಡಿಯ ಹುಡುಗ ಹೊಡೆದ ಲಾಳ,
ಒಂದು ಮೊಳೆ ಜೀವಕ್ಕೇ ಇಳಿದಿತ್ತು.
ಕಿತ್ತಾಗ ಬಂದದ್ದು ಕಪ್ಪು ಕೀವು,
ಹಳೆಯ ಬಾವಿಯ ವಾಸನೆ.
ಕುದುರೆ ಒದೆಯಲಿಲ್ಲ. ಬಗ್ಗಿದ ನನ್ನ ಬೆನ್ನಿನತ್ತ ಮುಖ ತಿರುಗಿಸಿ
ಬಿಸಿಯಾಗಿ, ಉದ್ದವಾಗಿ ಉಸಿರು ಬಿಟ್ಟಿತು.

ತೊಳೆಯುತ್ತ ಕೇಳಿದೆ:
"ಮಳೆಗಾಲದಲ್ಲಿ ಏನು ತಿನ್ನುತ್ತಾನೆ? ಆಗ ಸವಾರಿ ಎಲ್ಲಿ?"
ಉಬೈದ್ ಬಕೆಟ್ಟಿನ ನೀರು ನೋಡಿದ.
"ನಾನೇನು ತಿನ್ನುತ್ತೇನೆ ಅಂತ
ಯಾರು ಕೇಳಿದ್ದಾರೆ ಅಕ್ಕಾ?"
ನಾನು ಇನ್ನಷ್ಟು ನೀರು ಹೊಯ್ದೆ.

ತಣ್ಣಗೆ ಮಾಡುವ ಬಾಟಲಿ ಬೀರುವಿನಲ್ಲಿತ್ತು,
ಬೀಗದಕೈ ನನ್ನ ಸೊಂಟದಲ್ಲಿ.
ಹಾಕಿದ್ದು ಧನುರ್ವಾಯುವಿನ ಸೂಜಿ.
"ತಣ್ಣಗಾಗುತ್ತಾನಾ?"
"ಒಂದು ತಿಂಗಳು ಯಾರೂ ಹತ್ತಬಾರದು."
"ತಿಂಗಳು! ಇದು ಡಿಸೆಂಬರ್ ಅಕ್ಕಾ," ಅಂದ.
ಬೆರಳಿನಲ್ಲಿ ಭಾನುವಾರಗಳನ್ನು ಎಣಿಸಿದ,
ಹೆಬ್ಬೆರಳಿಗೆ ಬಂದು ನಿಲ್ಲಿಸಿದ.
ಅದು ಒಪ್ಪಿಗೆಯೋ ಲೆಕ್ಕವೋ ನನಗೆ ತಿಳಿಯಲಿಲ್ಲ.

ಅವನ ಮನೆಗೆ ಎಡಕ್ಕೆ ಹೋಗಬೇಕು.
ಅಂಗಳದ ನಡುವೆ ಕುದುರೆ ನಿಂತಿತು.
ಉಬೈದ್ ಹೊಡೆಯಲಿಲ್ಲ, ಎಳೆಯಲೂ ಇಲ್ಲ.
ಅದರ ಜೊತೆ ಬಲಕ್ಕೆ ತಿರುಗಿದ,
ಇಲಾಖೆಯ ಕೆಟ್ಟ ಜೀಪನ್ನು ಬಳಸಿ ಮತ್ತೆ ಬಲಕ್ಕೆ,
ಮತ್ತೊಮ್ಮೆ ಬಲಕ್ಕೆ,
ಮೂರು ಬಲ ತಿರುಗಿ ಎಡದ ದಾರಿ ಹಿಡಿದರು ಇಬ್ಬರೂ,
ಇಬ್ಬರೂ ಸ್ವಲ್ಪ ಕುಂಟುತ್ತ.

ನಾನು ಓಡಿಹೋಗಿ ಗೇಟು ಹಿಡಿದುಕೊಂಡೆ,
ಗಾಳಿಗೆ ಬಡಿದುಕೊಳ್ಳದ ಹಾಗೆ,
ಮಂಜಿನಲ್ಲಿ ಬಾಲದ ತುದಿ ಕರಗುವವರೆಗೂ.

ಫಾರಂ ಮೇಜಿನ ಮೇಲೇ ಉಳಿದಿತ್ತು.
ಮಧ್ಯಾಹ್ನ ಗುಮಾಸ್ತ ಪಳಂಗಪ್ಪ
'ಇತರೆ' ಎಂದು ತುಂಬಿ ಮೇಲಕ್ಕೆ ಕಳಿಸಿದ.

ಸಂಜೆ ಗೇಟಿನ ಕೊಂಡಿಗೆ
ಹಳೆಯ ಸೈಕಲ್ ಟ್ಯೂಬು ಸುತ್ತಿದೆ.
ಆಸ್ಪತ್ರೆಯ ಗೇಟಿಗೆ, ಅಷ್ಟೇ.
ಆಚೆ ರಾಜಾಸೀಟಿನ ದಾರಿಯಲ್ಲಿ
ಹೋಟೆಲಿಗೆ ಜನ ಬರುತ್ತಾರೆ, ಹೋಗುತ್ತಾರೆ,
ಬರುತ್ತಾರೆ.