ಮುಳ್ಳು ಹನ್ನೆರಡಕ್ಕೆ

ಬಿರುಗಾಳಿ ಮೂರು ತಂತಿ ಹರಿದ ರಾತ್ರಿ
ನೆಮುನಾಸ್ ದಂಡೆಯ ನಮ್ಮ ಪಟ್ಟಣ
ಲಿಥುವೇನಿಯಾದಿಂದ ಕಳಚಿಕೊಂಡು ನಿಂತಿತ್ತು:
ಒಂದು ಟರ್ಬೈನು, ಒಂದು ಆಸ್ಪತ್ರೆ,
ರೈ ಬ್ರೆಡ್ಡಿನ ಭಟ್ಟಿ, ಎರಡು ಸಾವಿರ ಕಿಟಕಿ.

ತಂತಿ ಬೆಸೆದಾಯಿತೆಂದು ಫೋನು ಬಂದದ್ದೇ
ಸ್ವಿಚ್ಚಿಗೆ ಕೈ ಹಾಕಿದೆ ನಾನು.
"ಮುಟ್ಟಬೇಡ," ಅಂದಳು ಡಾಂಗುವೋಲೆ,
ಮೂವತ್ತೊಂದು ವರ್ಷ ರಾತ್ರಿಪಾಳಿ ಮಾಡಿದವಳು,
ಹಿಡಿಕೆ ಮುರಿದ ಬಟ್ಟಲಲ್ಲಿ ಕಾಫಿ ಕುಡಿಯುತ್ತ.

ಗಾಜಿನ ಹಿಂದೆ ಮುಳ್ಳು ಸುತ್ತುತ್ತಿತ್ತು.
ಅತ್ತ ದೇಶ, ಇತ್ತ ನಾವು;
ಸೆಕೆಂಡಿಗೆ ಇಬ್ಬರದೂ ಐವತ್ತೇ ಬಡಿತ,
ಆದರೂ ಕೂದಲೆಳೆಯಷ್ಟು ನಾವು ಮುಂದೆ.
"ಈಗ ಬೆಸೆದರೆ ದೊಡ್ಡದು ಚಿಕ್ಕದನ್ನು ಜಗ್ಗುತ್ತದೆ,
ಉಕ್ಕಿನ ದಂಡವೂ ತಿರುಚಿಹೋಗುತ್ತದೆ.
ಕೈ ಕೂಡುವ ಮೊದಲು ಹೆಜ್ಜೆ ಕೂಡಬೇಕು, ಹುಡುಗ."

ನೀರಿನ ಬಾಗಿಲನ್ನು ಇಷ್ಟೇ ಇಷ್ಟು ಇಳಿಸಿದಳು.
ಮುಳ್ಳಿಗೆ ಮೈಭಾರ ಬಂತು.
ಒಂಬತ್ತು.
ಹತ್ತು.
ನನ್ನ ಉಸಿರು ಹತ್ತರಲ್ಲೇ ನಿಂತಿತ್ತು.
ಹನ್ನೊಂದೂಮುಕ್ಕಾಲು ಅನ್ನುವಾಗ

ಖಟ್.

ಏನೂ ಆಗಲಿಲ್ಲ.
ದೀಪ ಮಿಣುಕಲಿಲ್ಲ, ಭಟ್ಟಿಯವನಿಗೆ ಗೊತ್ತೇ ಆಗಲಿಲ್ಲ.
ಏನೂ ಆಗದಿರುವುದಕ್ಕೇ ನಮಗೆ ಸಂಬಳ.

ಬೆಳಕು ಹರಿದಾಗ ನಕ್ಷೆ ಬಿಡಿಸಿ ತೋರಿಸಿದಳು:
"ಮೂರೂ ತಂತಿ ಒಂದೇ ಪೈನ್ ಕಾಡಿನೊಳಗೆ.
ಒಂದು ಗಾಳಿಗೆ ಬೀಳುವ ಮೂರನ್ನು
ಮೂರು ಅಂತ ಎಣಿಸಬಾರದು."
ಪೆನ್ಸಿಲ್ಲಿನಲ್ಲಿ ಜವುಗಿನ ಸುತ್ತ ಇನ್ನೊಂದು ಗೆರೆ,
ಡೊಂಕು, ದುಬಾರಿ, ಎಂಟು ಮನೆಗಳಿಗೂ ಸಾಲದ ನೆಪ.
ಮೇಲಿನವರು ಆರು ಸಲ ಒಲ್ಲೆ ಅಂದಿದ್ದಾರೆ.

ಉಜ್ಜಿ ಉಜ್ಜಿ ಅಲ್ಲಿ ಕಾಗದ ತೆಳುವಾಗಿತ್ತು.
ಏಳನೆಯ ಅರ್ಜಿ ನಿನ್ನೆ ಹೋಯಿತು.
ಅದರ ಕೆಳಗೆ, ಅವಳ ಹೆಸರಿಗೆ ತುಸು ಓರೆಯಾಗಿ,
ನನ್ನದೂ ಇದೆ.