ಒಣಗಾಳಿ

ಅವೇರು, ಪೋರ್ಚುಗಲ್ ಕರಾವಳಿ. ಬೆಳಗಿನ ನಾಲ್ಕೂವರೆ.
ಟೈಲ್ಸ್ ಕಾರ್ಖಾನೆಯ ಷಟರಿನ ಸಂದಿಯಲ್ಲಿ
ಹಿನ್ನೀರ ಮಂಜು, ಕರೆಯದೆ ಬಂದ ನೆಂಟ.
ಕಂಪ್ರೆಸರ್ ಅದನ್ನೂ ಹಿಂಡಿ ಪೈಪಿಗೆ ತುರುಕುತ್ತದೆ.

ಒಂದೇ ಹನಿ, ಎಂದಳು ಗ್ರಾಸಾ,
ಬಣ್ಣ ಎರಚುವ ಮೂತಿಯಲ್ಲಿ ಒಂದೇ ಹನಿ
ನಿನ್ನೆ ನೀಲಿ ಹೂಗಳಿಗೆ ಸಿಡುಬು ಎಬ್ಬಿಸಿತು.
ಮುನ್ನೂರು ಬಿಲ್ಲೆ ಗುಜರಿಗೆ.

ಎರಡು ಗೋಪುರ. ಒಂದು ದುಡಿಯುವಾಗ ಇನ್ನೊಂದು
ಕುಡಿದದ್ದನ್ನೆಲ್ಲ ಉಸ್ಸೆಂದು ಕಕ್ಕಬೇಕು.
ಬಲಗಡೆಯದು ಕಕ್ಕುತ್ತಿಲ್ಲ.
ಮುಳ್ಳು ಸೊನ್ನೆಗಿಳಿಯುವ ತನಕ ಮುಚ್ಚಳ ಮುಟ್ಟಬೇಡ,
ಅವಸರದವರ ಬೆರಳು ಎಣಿಸಿ ನೋಡು.
ಟೊಮೆ ಕೈ ಜೇಬಿಗಿಳಿಸಿದ.

ಒಳಗಿನ ಬಿಳಿ ಮಣಿ ಎಣ್ಣೆ ಕುಡಿದು ಬೆಲ್ಲದ ಬಣ್ಣ.
ಬೊಗಸೆಯಲ್ಲೆತ್ತಿ ಮೂಸಿದಳು.
ಫಿಲ್ಟರ್ ಬದಲಿಸಿದ್ದು ಯಾವಾಗ?
ರಿಜಿಸ್ಟರಿನಲ್ಲಿ ನನ್ನದೇ ಸಹಿ,
ನೋಡಿಯೂ ನೋಡದಂತೆ ನಿಂತೆ.

ಬೈಯಲಿಲ್ಲ. ಹೊಸ ಮಣಿ ಸುರಿಯುತ್ತ
ಅಜ್ಜಿಯ ಮಾತೆತ್ತಿದಳು, ಉಪ್ಪಿನ ಬುಟ್ಟಿ ಹೊತ್ತವಳು.
ಕಡಲು ಒಣಗಿಸಲು ಅವಳಿಗೆ
ಬಿಸಿಲಾದರೂ ಇತ್ತು.

ಏಳಕ್ಕೆ ಮೀಟರು: ಇಬ್ಬನಿ ಬಿಂದು
ಮೈನಸ್ ಮೂವತ್ತೆಂಟು.
ಡ್ರೈನ್ ಕೆಳಗಿನ ಡಬ್ಬಿಯಲ್ಲಿ ರಾತ್ರಿಯ ಮಂಜು,
ಒಂದೂವರೆ ಲೀಟರು, ಮೇಲೆ ಎಣ್ಣೆಯ ಕಾಮನಬಿಲ್ಲು.
ಎಲ್ಲಿ ಚೆಲ್ಲಲಿ ಎಂದೆ.
ಚರಂಡಿಗಲ್ಲ, ಎಂದಳು,
ಮೊದಲು ಆ ಸಹಿ ಹೊಡೆದುಹಾಕು.